ಯೆಜ್ಡಿಯ ಫ್ಲೈವ್ಹೀಲ್ ಹಗುರ ಮಾಡಿಸಬೇಕೇ?

ಪ್ರಶ್ನೆ: ನವನಗರದ ಓದುಗರೊಬ್ಬರ ಬಳಿ ತಂದೆಯವರ ಕಾಲದ ಯೆಜ್ಡಿ ರೋಡ್‌ಕಿಂಗ್ ಇದೆ. ಪಿಕಪ್ ಹೆಚ್ಚಲೆಂದು ಫ್ಲೈವ್ಹೀಲನ್ನು ಲೇತ್‌ಗೆ ಹಾಕಿಸಿ ಹಗುರ ಮಾಡಿಸುವ ಆಸೆ.

ಉತ್ತರ: ಬೇಡ. ಫ್ಲೈವ್ಹೀಲ್ ಹಗುರವಾದರೆ ಎಂಜಿನ್ ಬೇಗ ರೇಸ್ ಆಗುತ್ತದೆ, ಶಕ್ತಿ ಹೆಚ್ಚುವುದಿಲ್ಲ. ಐಡ್ಲಿಂಗ್ ಕೆಟ್ಟು, ಉಣಕಲ್ ಸಿಗ್ನಲ್ಲಿನಲ್ಲಿ ಗಾಡಿ ಬಂದ್ ಬೀಳುವ ಸುಖ ಮಾತ್ರ ಗ್ಯಾರಂಟಿ!

ಹಳೆಯ ಬುಲೆಟ್‌ಗೆ ಈ ಪ್ರಯೋಗ ನಡೆದೀತು. ಆದರೆ 1996ರವರೆಗೆ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ ತಯಾರಿಸಿದ ನಿಮ್ಮ ಗಾಡಿ 250 ಸಿಸಿ ಟೂ ಸ್ಟ್ರೋಕ್. ಇದರ ಫ್ಲೈವ್ಹೀಲ್ ಕ್ರ್ಯಾಂಕ್‌ಕೇಸಿನ ಜಾಗ ತುಂಬಿರುತ್ತದೆ. ಪಿಸ್ಟನ್ ಕೆಳಗಿಳಿದಾಗ ಪೆಟ್ರೋಲ್-ಗಾಳಿ ಮಿಶ್ರಣ ಒತ್ತಡದಿಂದ ಸಿಲಿಂಡರಿಗೆ ಏರುವುದು ಆ ಇಕ್ಕಟ್ಟಿನಿಂದಲೇ. ಲೋಹ ತೆಗೆದಷ್ಟೂ ಒತ್ತಡ ಇಳಿಯುತ್ತದೆ. ಬ್ಯಾಲೆನ್ಸ್ ತಪ್ಪಿದರೆ ಹ್ಯಾಂಡಲ್ ನಡುಗುತ್ತದೆ.

ಪಿಕಪ್ ಬೇಕಿದ್ದರೆ ಮೊದಲು ಕಂಪ್ರೆಷನ್ ಅಳೆಸಿ. ಗೇರ್ ಆಯಿಲ್ ಕಡಿಮೆಯಾಗುತ್ತ ಸೈಲೆನ್ಸರ್ ದಟ್ಟ ಬಿಳಿ ಹೊಗೆ ಉಗುಳುತ್ತಿದ್ದರೆ ಕ್ರ್ಯಾಂಕ್ ಸೀಲ್ ಹೋಗಿದೆ ಎಂದರ್ಥ. ಕನೆಕ್ಟಿಂಗ್ ರಾಡ್ ಮೇಲೆ-ಕೆಳಗೆ ಅಲುಗಿದರೆ ಕ್ರ್ಯಾಂಕ್ ಬಿಚ್ಚಿಸಲೇಬೇಕು. ಇದು ಪ್ರೆಸ್ ಫಿಟ್. ಸುತ್ತಿಗೆ ಹಿಡಿದವರಿಗಲ್ಲ, ಹೈಡ್ರಾಲಿಕ್ ಪ್ರೆಸ್ ಮತ್ತು ಡಯಲ್ ಗೇಜ್ ಇಟ್ಟಿರುವ ಎಂಜಿನಿಯರಿಂಗ್ ವರ್ಕ್ಸ್‌ನವರಿಗೆ ಒಪ್ಪಿಸಿ. ಹಣ ಉಳಿದರೆ ಪಾಯಿಂಟ್ ತೆಗೆಸಿ ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕಿಸಿ, ಬ್ರೇಕ್ ಲೈನರ್ ಬದಲಿಸಿ.

ಬೇರೆ ಎಂಜಿನ್ ಕೂರಿಸುವ ಯೋಚನೆ ಬಂದರೆ ಮೊದಲು ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಮೀರಿದ ಬದಲಾವಣೆಗೆ ತಲಾ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು ಅಥವಾ ಎರಡೂ ಉಂಟು.