ಹಾರದ ದಿನದ ದುಡ್ಡು

ಅಪ್ಪ ಹಾಸನದಲ್ಲಿ ಬ್ಯಾಂಕ್ ಕೆಲಸ ಮಾಡಿ, ಮೂವತ್ತೆರಡು ವರ್ಷ ಊರವರ ಲೆಕ್ಕ ಬರೆದು ನಿವೃತ್ತರಾದವರು. ಸ್ಯಾನ್ ಹೋಸೆಗೆ ಬಂದ ಮೂರನೇ ದಿನ ನನ್ನ ಪೈಲಟ್ ಲೈಸೆನ್ಸನ್ನು ಹಿಂದೆ ಮುಂದೆ ತಿರುಗಿಸಿ ನೋಡಿ ಕೇಳಿದ ಮೊದಲ ಪ್ರಶ್ನೆ, "ಗಂಟೆಗೆ ಎಷ್ಟು ಬೀಳುತ್ತೆ?" 185 ಡಾಲರ್ ಎಂದೆ. ಕಣ್ಣು ಮುಚ್ಚಿ ಗುಣಿಸಿದರು. "ಹದಿನೈದು ಸಾವಿರ!" ಆಮೇಲೆ ಕಾಫಿ ಆರುವವರೆಗೂ ಮಾತಿಲ್ಲ.

ಲೈಸೆನ್ಸಿಗೆ ಎಷ್ಟಾಯಿತು ಎಂದು ಅವರು ಕೇಳಲಿಲ್ಲ, ನಾನಾಗಿ ಹೇಳಲೂ ಇಲ್ಲ. ಇಲ್ಲಿ ಮುಚ್ಚಿಡುವ ಹಾಗಿಲ್ಲ. ಅಮೆರಿಕದ ನಿಯಮದಲ್ಲಿ ಖಾಸಗಿ ಪೈಲಟ್ ಆಗಲು ಕನಿಷ್ಠ 40 ಗಂಟೆ ಹಾರಿರಬೇಕು. ನನಗೆ 68 ಬೇಕಾಯಿತು. ವಿಮಾನದ ಬಾಡಿಗೆ, ಮೇಷ್ಟ್ರ ಸಂಬಳ, ಹೆಡ್‌ಸೆಟ್, ಪರೀಕ್ಷೆ ಎಲ್ಲ ಸೇರಿ ಸುಮಾರು 19 ಸಾವಿರ ಡಾಲರ್. ನಲವತ್ತು ದಾಟಿ ಸೈಕಲ್ ಕಲಿಯುವವನಿಗೂ ಮಂಡಿ ತರಚುವುದು ಹೆಚ್ಚೇ.

ಈ ಕಥೆ ಅದಾದ ಮೇಲಿನದು. ಲೈಸೆನ್ಸ್ ಸಿಕ್ಕಿದವನಿಗೆ ಮೊದಲು ಬರುವ ಆಸೆ ಮನೆಯವರನ್ನು ಕೂರಿಸಿಕೊಂಡು ಏನಾದರೂ ತೋರಿಸಿಕೊಂಡು ಬರುವುದು. ನಾನು ಆರಿಸಿಕೊಂಡದ್ದು ಬಿಗ್ ಸರ್ ಕರಾವಳಿ. ರೀಡ್ ಹಿಲ್‌ವ್ಯೂ ನಿಲ್ದಾಣದಿಂದ ಎದ್ದು, ವಾಟ್ಸನ್‌ವಿಲ್, ಮಾಂಟೆರೆ ದಾಟಿ, ಬೆಟ್ಟ ನೇರ ಸಮುದ್ರಕ್ಕೆ ಬೀಳುವ ಆ ಅಂಚಿನುದ್ದಕ್ಕೂ ದಕ್ಷಿಣಕ್ಕೆ ಹೋಗಿ ಸ್ಯಾನ್ ಲೂಯಿಸ್ ಒಬಿಸ್ಪೊದಲ್ಲಿ ಊಟ. ನೇರ ಹೋದರೆ ಸುಮಾರು 138 ನಾಟಿಕಲ್ ಮೈಲಿ, ಕರಾವಳಿ ಬಳಸಿದರೆ 150ರ ಆಸುಪಾಸು. ಪೈಲಟ್‌ಗಳು ಇದನ್ನು ಕ್ರಾಸ್ ಕಂಟ್ರಿ ಅನ್ನುತ್ತಾರೆ. ದೇಶ ದಾಟಬೇಕಿಲ್ಲ, ಹೊರಟಲ್ಲಿಂದ 50 ನಾಟಿಕಲ್ ಮೈಲಿಗಿಂತ ದೂರ ಹೋಗಿ ಇಳಿದರೆ ಆ ಹೆಸರಿಗೆ ಸಾಕು.

ಸೆಸ್ನಾ 172 ಬಾಡಿಗೆ ತಗೊಂಡರೆ ಮೀಟರ್ ನಮ್ಮ ಆಟೋದ್ದೇ ಜಾತಿ. ಹಾಬ್ಸ್ ಮೀಟರ್ ಅಂತ ಹೆಸರು. ಎಂಜಿನ್ ಶುರುವಾದ ಗಳಿಗೆಯಿಂದ ಓಡುತ್ತದೆ. ನೆಲದ ಮೇಲೆ ತೆವಳುವಾಗಲೂ, ಟವರ್ ಅನುಮತಿಗೆ ಕಾಯುವಾಗಲೂ ಗಂಟೆಯ ಹತ್ತನೇ ಒಂದು ಭಾಗದ ಲೆಕ್ಕದಲ್ಲಿ ಸರಿಯುತ್ತಲೇ ಇರುತ್ತದೆ. ಹೋಗುವಾಗ 1.8, ಬರುವಾಗ ಒಳನಾಡಿನ ಸಲಿನಾಸ್ ಕಣಿವೆ ಹಿಡಿದು 1.7; ಒಟ್ಟು ಮೂರೂವರೆ ಗಂಟೆ, 647 ಡಾಲರ್ 50 ಸೆಂಟ್. ಬಾಡಿಗೆ 'ವೆಟ್', ಅಂದರೆ ಇಂಧನ ಸೇರಿದ್ದು. ಆದರೆ ಹೊರ ಊರಲ್ಲಿ ತುಂಬಿಸಿದರೆ ನಮ್ಮ ಕ್ಲಬ್ ತನ್ನ ಊರಿನ ದರವನ್ನಷ್ಟೇ ವಾಪಸ್ ಕೊಡುತ್ತದೆ. ಗ್ಯಾಲನ್‌ಗೆ 1 ಡಾಲರ್ 60 ಸೆಂಟ್ ವ್ಯತ್ಯಾಸ, ಇಪ್ಪತ್ತು ಗ್ಯಾಲನ್, 32 ಡಾಲರ್ ಕೈಯಿಂದ. ಊಟಕ್ಕೆ 68. ಇಲ್ಲಿನ ಪೈಲಟ್‌ಗಳು 'ನೂರು ಡಾಲರ್ ಬರ್ಗರ್' ಎಂದು ಹಾಸ್ಯ ಮಾಡುವುದುಂಟು. ಆ ನೂರು ಯಾವ ಕಾಲದ್ದೋ. ಒಟ್ಟು 747 ಡಾಲರ್ 50 ಸೆಂಟ್ ಎಂದು ಬರೆದಿಟ್ಟೆ.

ಅಪ್ಪನಿಗೆ ಸಮಾಧಾನವಾಗಲಿ ಎಂದು ಇನ್ನೊಂದು ಲೆಕ್ಕವನ್ನೂ ಮುಂದಿಟ್ಟೆ. ಮುಂದೆ ಮೋಡದೊಳಗೆ ಹಾರುವ ಇನ್‌ಸ್ಟ್ರುಮೆಂಟ್ ಅರ್ಹತೆ ಬೇಕೆಂದರೆ ಇಂಥ 50 ಗಂಟೆಯ ಕ್ರಾಸ್ ಕಂಟ್ರಿ ನನ್ನ ಹೆಸರಲ್ಲಿರಬೇಕು. ಹಾಗಾಗಿ ಈ ಮೂರೂವರೆ ಗಂಟೆ ಬರೀ ಶೋಕಿಯಲ್ಲ, ಹೂಡಿಕೆ. ಅಪ್ಪ ಕನ್ನಡಕ ಸರಿಮಾಡಿಕೊಂಡರು. "ಮದುವೆ ಸಾಲ ಕೇಳೋಕೆ ಬರ್ತಿದ್ದೋರೂ ಹಿಂಗೇ ಹೇಳ್ತಿದ್ರು."

ಖರ್ಚು ಹಂಚಿಕೊಳ್ಳುವ ದಾರಿ ಇಲ್ಲವೇ? ಇದೆ, ಅಂಚು ಮಾತ್ರ ಕಡಿದಾದದ್ದು. ಖಾಸಗಿ ಪೈಲಟ್ ಹಾರಾಟಕ್ಕೆ ದುಡ್ಡು ತೆಗೆದುಕೊಳ್ಳುವಂತಿಲ್ಲ. ಇಂಧನ, ಎಣ್ಣೆ, ನಿಲ್ದಾಣದ ಖರ್ಚು, ಬಾಡಿಗೆ, ಈ ನಾಲ್ಕನ್ನು ಜೊತೆಗಿದ್ದವರೊಂದಿಗೆ ಸಮನಾಗಿ ಹಂಚಿಕೊಳ್ಳಬಹುದು. ತನ್ನ ಪಾಲಿಗಿಂತ ಒಂದು ಡಾಲರ್ ಕಡಿಮೆ ಕೊಟ್ಟರೂ ತಪ್ಪು. ಕನ್ನಡ ಕೂಟದ ಗೆಳೆಯರೊಬ್ಬರು "ಪೂರ್ತಿ ಬಾಡಿಗೆ ನಂದು, ನಮ್ಮತ್ತೆ ಮಾವನಿಗೆ ಒಂದು ಸುತ್ತು ತೋರಿಸಿಬಿಡಿ" ಎಂದಿದ್ದರು. ಬಾಯಲ್ಲಿ ನೀರೂರಿದ್ದು ನಿಜ. ಒಲ್ಲೆ ಎಂದೆ. ಅವರಿಗೆ ಅದು ಬಿಗುಮಾನವಾಗಿ ಕಂಡಿತೋ ಏನೋ, ಯುಗಾದಿಗೆ ಕರೆಯಲಿಲ್ಲ.

ಗಂಟೆಯ ದರದ ಹಿಂದೆ ಅಡಗಿ ಕೂತ ಖರ್ಚುಗಳೂ ಇವೆ. ಬೇರೆಯವರನ್ನು ಕೂರಿಸಿಕೊಳ್ಳಬೇಕಾದರೆ ಹಿಂದಿನ 90 ದಿನಗಳಲ್ಲಿ ಮೂರು ಬಾರಿ ಏರಿ ಇಳಿದಿರಬೇಕು. ಕೆಲಸದ ಒತ್ತಡದಲ್ಲಿ ತಪ್ಪಿದರೆ ಒಬ್ಬನೇ ಹೋಗಿ ಮುಕ್ಕಾಲು ಗಂಟೆ ನಿಲ್ದಾಣದ ಸುತ್ತ ಗಿರಕಿ ಹೊಡೆದು 140 ಡಾಲರ್ ಸುರಿದು ಬರಬೇಕು. ವಿಮಾನ ಬಾಡಿಗೆ ಪಡೆಯುವ ಪೈಲಟ್‌ನ ವಿಮೆಗೆ ನಾನು ವರ್ಷಕ್ಕೆ ಕಟ್ಟುವುದು 430 ಡಾಲರ್. ಕ್ಲಬ್‌ಗೆ ವಿಮೆ ಇದೆಯಲ್ಲ ಎನ್ನುವವರು ಆ ಒಪ್ಪಂದವನ್ನು ಇನ್ನೊಮ್ಮೆ ಓದಿ. ರೆಕ್ಕೆ ತಗುಲಿಸಿದರೆ ಮೊದಲ ಕೆಲವು ಸಾವಿರ ಯಾರದ್ದು ಎಂದು ಸಣ್ಣ ಅಕ್ಷರದಲ್ಲಿ ಬರೆದಿರುತ್ತದೆ. ಟರ್ಮ್ ವಿಮೆ ಮಾಡಿಸುವವರು ಅರ್ಜಿಯಲ್ಲಿ ಹಾರಾಟದ ಪ್ರಶ್ನೆಗೆ ಸುಳ್ಳು ಬರೆಯಬೇಡಿ. ಪ್ರೀಮಿಯಂ ಉಳಿಸಲು ಹೋಗಿ ಹೆಂಡತಿ ಮಕ್ಕಳಿಗೆ ಕೋರ್ಟು ಕಚೇರಿ ಬಿಟ್ಟುಹೋದ ಹಾಗಾಗುತ್ತದೆ.

ಪುಕ್ಕಟೆ ಸಿಗುವುದೂ ಇದೆ, ಅಪ್ಪ ನಂಬದೇ ಹೋದದ್ದು ಇದನ್ನೇ. ಹೊರಡುವ ಮುನ್ನ ಹವಾಮಾನದ ವಿವರಣೆ, ದಾರಿಯುದ್ದಕ್ಕೂ ರೇಡಾರ್‌ನಲ್ಲಿ ನಮ್ಮನ್ನು ಗಮನಿಸುತ್ತ ಎಚ್ಚರಿಸುವ ನಿಯಂತ್ರಕರು, ಯಾವುದಕ್ಕೂ ಬಿಲ್ ಬರುವುದಿಲ್ಲ. ನಾವು ಸುಡುವ ಗ್ಯಾಲನ್‌ಗೆ 19.4 ಸೆಂಟ್ ಕೇಂದ್ರ ತೆರಿಗೆ ಹೋಗುತ್ತದೆ, ಅಷ್ಟೇ. ಎತ್ತರವೂ ಬಹುಪಾಲು ಪುಕ್ಕಟೆಯೇ. ಬಿಗ್ ಸರ್‌ನಲ್ಲಿ ಎಂಜಿನ್ ಕೈಕೊಟ್ಟರೆ ಇಳಿಯಲು ಬಯಲೇ ಇಲ್ಲ. ನಮ್ಮ ಸೆಸ್ನಾ ಪ್ರತಿ ಸಾವಿರ ಅಡಿಗೆ ಸುಮಾರು ಒಂದೂವರೆ ಮೈಲಿ ತೇಲಬಲ್ಲದು. ಸಾಗರ ಅಭಯಾರಣ್ಯದ ಗುರುತಿಸಿದ ವಲಯಗಳಲ್ಲಿ ಸಾವಿರ ಅಡಿಗಿಂತ ಕೆಳಗೆ ಹಾರಬಾರದೆಂದು ನಿಯಮವಿದೆ. ನಾನು ಫೋಟೋದ ಆಸೆ ಬಿಟ್ಟು 5,500 ಅಡಿ ಎಂದು ಬರೆದುಕೊಂಡೆ.

ಮೊದಲ ಸಲ ಜುಲೈಯಲ್ಲಿ ಹೊರಟೆವು, ಮಕ್ಕಳ ಶಾಲೆಗೆ ರಜೆ ಎಂಬ ಒಂದೇ ಕಾರಣಕ್ಕೆ. ಬೆಳಿಗ್ಗೆ ಉಪಗ್ರಹ ಚಿತ್ರ ತೆಗೆದರೆ ಕರಾವಳಿ ಇಡೀ ಬೆಳ್ಳಗೆ. ಬೇಸಿಗೆಯಲ್ಲಿ ತಣ್ಣನೆಯ ಪೆಸಿಫಿಕ್ ಮೇಲೆ ಹುಟ್ಟುವ ಮೋಡದ ಹೊದಿಕೆ ಇಲ್ಲಿ ನಿತ್ಯದ ಸಂಗತಿ. ಆಷಾಢದಲ್ಲಿ ಆಗುಂಬೆಗೆ ಸೂರ್ಯಾಸ್ತ ನೋಡಲು ಹೊರಟ ಹಾಗಾಯಿತು. ಶರತ್ಕಾಲದಲ್ಲಿ ಕರಾವಳಿ ತಿಳಿಯಾಗುತ್ತದೆಂದು ಗೊತ್ತಿದ್ದೂ ಕ್ಯಾಲೆಂಡರ್ ನೋಡಿ ದಿನ ಹಿಡಿದಿದ್ದೆ. ಮಕ್ಕಳನ್ನು ಸಮಾಧಾನ ಮಾಡಲು ಐಸ್‌ಕ್ರೀಮ್ ಆಯಿತು, ಹೆಚ್ಚಿನ ನಷ್ಟವಿಲ್ಲ.

ಆದರೆ ಆ ದಿನ ನನ್ನಲ್ಲೇ ಒಂದು ವಿಷಯ ಕಂಡುಕೊಂಡೆ. ರದ್ದು ಮಾಡುವ ಮೊದಲು ಅರ್ಧ ಗಂಟೆ ಚಿತ್ರವನ್ನು ಹಿಗ್ಗಿಸಿ ಕುಗ್ಗಿಸಿ, ಎಲ್ಲಾದರೂ ತೂತು ಇದೆಯೇ ಎಂದು ಹುಡುಕಿದ್ದೆ. ಯಾಕೆ? ಖರ್ಚು ಮಾಡಿಯಾಗಿದೆ ಎಂಬ ಭಾವನೆ. ವಿಮಾನ ಮನೆಬಾಗಿಲಲ್ಲಿದ್ದಾಗಲೇ ಹೀಗಾದರೆ ಪರಊರಲ್ಲಿ ಸಿಕ್ಕಿಹಾಕಿಕೊಂಡಾಗ ಹೇಗಿರಬಹುದು? ಅಲ್ಲಿ ಪ್ರತಿ ಗಂಟೆಗೂ ಬೆಲೆ ಇರುತ್ತದೆ. ನಮ್ಮ ಕ್ಲಬ್‌ನಲ್ಲಿ ವಿಮಾನ ರಾತ್ರಿ ಹೊರಗುಳಿದರೆ ವಾರಾಂತ್ಯದಲ್ಲಿ ದಿನಕ್ಕೆ ಕನಿಷ್ಠ ಮೂರು ಗಂಟೆಯ ಬಾಡಿಗೆ, ಹಾರಿದರೂ ಬಿಟ್ಟರೂ. ಅಂಥ ಹೊತ್ತಲ್ಲಿ ಮೋಡವನ್ನು ಅಳೆಯುವುದು ಕಣ್ಣಲ್ಲ, ಜೇಬು.

ಹಾಗಾಗಿ ಅಕ್ಟೋಬರ್‌ಗೆ ಹೊರಡುವ ಮುನ್ನ ಬೇರೆ ಖಾತೆಯಲ್ಲಿ 800 ಡಾಲರ್ ಇಟ್ಟೆ. ಖರ್ಚಾಗಿ ಹೋಯಿತು ಎಂದೇ ಅಂದುಕೊಂಡು. ಹೆಂಡತಿಗೂ ಹೇಳಿದೆ: ಇದು ಹಾರದ ದಿನದ ದುಡ್ಡು, ಉಳಿದರೆ ನಮ್ಮದು, ಹೋದರೆ ಕೇಳಬಾರದು. ಪೈಲಟ್‌ಗಳಿಗೆ ಹೇಳಿಕೊಡುವ ಪಟ್ಟಿಗಳಲ್ಲಿ ಇಂಧನದ ಮೀಸಲು ಇದೆ, ಹಗಲಿಗೆ 30 ನಿಮಿಷ, ರಾತ್ರಿಗೆ 45. ಹಣದ ಮೀಸಲು ಯಾವ ಪಟ್ಟಿಯಲ್ಲೂ ನನಗೆ ಕಾಣಲಿಲ್ಲ.

ಶನಿವಾರ ಹತ್ತೂವರೆಗೆ ಅಪ್ಪ, ಹೆಂಡತಿ, ನಾನು ಎದ್ದೆವು. ಮಕ್ಕಳು ಗೆಳೆಯರ ಮನೆಗೆ. (ಹಿರಿಯರ ತೂಕ ಕೇಳುವುದು ಸಂಬಳ ಕೇಳುವುದಕ್ಕಿಂತ ಕಷ್ಟ, ಆದರೆ ವಿಮಾನದ ಒಟ್ಟು ತೂಕ 2,550 ಪೌಂಡ್ ದಾಟುವಂತಿಲ್ಲ.) ಆಕಾಶ ತೊಳೆದಿಟ್ಟ ಹಾಗಿತ್ತು. 1932ರ ಬಿಕ್ಸ್‌ಬಿ ಸೇತುವೆ ಮೇಲಿಂದ ಬಳೆಯ ತುಂಡಿನಂತೆ. ಪಾಯಿಂಟ್ ಸರ್ ದೀಪಸ್ತಂಭ ಬಂಡೆಯ ನೆತ್ತಿಯಲ್ಲಿ ಒಂಟಿ. ಅಪ್ಪ ಮಾತಾಡಿದ್ದು ಒಮ್ಮೆ ಮಾತ್ರ: "ಇಷ್ಟುದ್ದದ ಘಾಟಿಗೆ ತಡೆಗೋಡೆ ಕಟ್ಟೋಕೆ ಎಷ್ಟಾಗಿರಬಹುದು?"

ಊಟವಾಯಿತು. ಮೂರಕ್ಕೆ ಹೊರಡಬೇಕಿತ್ತು. 1772ರಲ್ಲಿ ಸ್ಥಾಪನೆಯಾದ ಊರಿನ ಹಳೆಯ ಮಿಷನ್ ಚರ್ಚ್ ನೋಡುವ ಆಸೆ ಅಪ್ಪನಿಗೆ. ನಿಲ್ದಾಣಕ್ಕೆ ವಾಪಸ್ ಬಂದಾಗ ನಾಲ್ಕೂ ಕಾಲು. ಮೊರೊ ಬೇ ಕಡೆಯಿಂದ ಬೂದು ಬಣ್ಣದ ಮೋಡ ಕಣಿವೆಯೊಳಕ್ಕೆ ಹಾಲು ಉಕ್ಕಿದಂತೆ ಬರುತ್ತಿತ್ತು. ಐದಕ್ಕೆ ತಲೆಯ ಮೇಲೆ ಏಳೆಂಟುನೂರು ಅಡಿಯಲ್ಲೇ ಮುಚ್ಚಿತು. ಪೂರ್ವಕ್ಕೆ ಮಾತ್ರ ಒಂದು ಕಿಂಡಿ, ಅದರಾಚೆ ಬಿಸಿಲು. ಟವರ್‌ನಿಂದ ವಿಶೇಷ ಅನುಮತಿ ಕೇಳಿ ಆ ಕಿಂಡಿಯಲ್ಲಿ ನುಸುಳುವುದು ಕಾನೂನುಬದ್ಧವೇ. ಆದರೆ ಸುತ್ತ ಗುಡ್ಡ, ನನ್ನದು ಒಟ್ಟು 90 ಗಂಟೆಯ ಅನುಭವ. ಕಾದರೆ ಕತ್ತಲು, ರಾತ್ರಿ ಇಳಿದ ಅಭ್ಯಾಸ ಮೂರು ತಿಂಗಳಲ್ಲಿ ಮೂರು ಸಲ ಇಲ್ಲದ್ದರಿಂದ ಇವರಿಬ್ಬರನ್ನು ಕೂರಿಸಿಕೊಂಡು ಹೋಗುವ ಹಾಗೂ ಇಲ್ಲ.

ಕಿಂಡಿ ನೋಡುತ್ತ ನಿಂತಾಗ ತಲೆಯೊಳಗೆ ಓಡುತ್ತಿದ್ದದ್ದು ಗಾಳಿಯ ದಿಕ್ಕಲ್ಲ, 462 ಡಾಲರ್ 50 ಸೆಂಟ್. ಎರಡು ದಿನಕ್ಕೆ ಆರು ಗಂಟೆಯ ಕನಿಷ್ಠ ಬಾಡಿಗೆಯಲ್ಲಿ ನಮ್ಮ ಮೂರೂವರೆ ಕಳೆದರೆ ಉಳಿಯುವ ದಂಡ. ಹೆಂಡತಿ ನನ್ನ ಮುಖ ನೋಡಿ, "ಆ ಎಂಟುನೂರು ಹೋಯ್ತು ಅಂತ ಆಗಲೇ ಹೇಳಿದ್ಯಲ್ಲ" ಎಂದಳು. ಹಗ್ಗ ತೆಗೆದು ರೆಕ್ಕೆ ಕಟ್ಟಿದೆ.

ಹೋಟೆಲ್ 174, ಟ್ಯಾಕ್ಸಿ ಹೋಗಿ ಬರಲು 44, ರಾತ್ರಿಯೂಟ 61, ವಿಮಾನ ನಿಲ್ಲಿಸಲು 10, ಕ್ಲಬ್‌ನ ದಂಡ ಸೇರಿ 751 ಡಾಲರ್ 50 ಸೆಂಟ್. ಮೂಲ ಬಜೆಟ್‌ಗಿಂತ ನಾಲ್ಕು ಡಾಲರ್ ಹೆಚ್ಚು. ಹಾರಲು ಎಷ್ಟು ಬೇಕೋ ಹಾರದಿರಲೂ ಅಷ್ಟೇ ಬೇಕಾಯಿತು. ಉಳಿದ 48 ಡಾಲರ್ 50 ಸೆಂಟ್‌ನಲ್ಲಿ ಭಾನುವಾರ ಬೆಳಗಿನ ತಿಂಡಿ.

ತಿಂಡಿ ತಿನ್ನುತ್ತ ಅಪ್ಪ ಜೇಬಿನ ಪುಸ್ತಕ ತೆಗೆದು ಕ್ಲಬ್‌ನ ನಿಯಮ ಮತ್ತೊಮ್ಮೆ ಹೇಳಿಸಿದರು. "ಆರು ಗಂಟೆ ಬಾಡಿಗೆ ಕೊಟ್ಟೇ ಕೊಡ್ತೀಯ. ನಿನ್ನೆ ಆದದ್ದು 1.8. ಅಂದ್ರೆ ಇವತ್ತು 4.2 ಗಂಟೆ ನಮ್ದೇ. ನೇರ ಮನೆಗೆ ಯಾಕೆ ಹೋಗೋದು?" ನನಗೆ ಹೊಳೆದಿರಲೇ ಇಲ್ಲ. ಹನ್ನೊಂದಕ್ಕೆ ಮೋಡ ಕರಗಿತು. ಇಂಧನ ತುಂಬಿಸಿ, ಕಣಿವೆಯಿಂದ ಬಲಕ್ಕೆ ಹೊರಳಿ ಪಿನಕಲ್ಸ್‌ನ ಕೆಂಪು ಬಂಡೆಗಳ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಮೌಂಟ್ ಹ್ಯಾಮಿಲ್ಟನ್ ತುದಿಯಲ್ಲಿ 1888ರಿಂದ ಇರುವ ಲಿಕ್ ವೀಕ್ಷಣಾಲಯದ ಬಿಳಿ ಗುಮ್ಮಟಗಳನ್ನು ತೋರಿಸಿ ಇಳಿಸಿದೆ. ಹಾಬ್ಸ್ 2.3 ತೋರಿಸಿತು.

ಅಪ್ಪ ಬೆಲ್ಟ್ ಬಿಚ್ಚಲಿಲ್ಲ. "ಇನ್ನೂ 1.9 ಇದೆ." ಬೆನ್ನು ಬೆವರಿತ್ತು, ಸಾಕು ಎಂದೆ. ಕೆಳಗಿಳಿದು ರೆಕ್ಕೆಯ ನೆರಳಲ್ಲಿ ನಿಂತು ಪುಸ್ತಕದಲ್ಲಿ 351 ಡಾಲರ್ 50 ಸೆಂಟ್ ಎಂದು ಬರೆದು, ಮುಂದೆ ನನ್ನ ಹೆಸರು ಹಾಕಿ, ಬರಬೇಕಾದ ಬಾಕಿ ಎಂದು ಅಡಿಗೆರೆ ಎಳೆದರು.