ಉಳ್ಳಾರ್ತಿ ಕಾವಲ್ ಕಡೆ ಹೊರಟವಳಿಗೆ

ಪ್ರೀತಿಯ ಮಗಳೇ,

ದಾವಣಗೆರೆ ವಿಶ್ವವಿದ್ಯಾಲಯದಲ್ಲಿ ಎಂ.ಎಸ್ಸಿ. ಓದುತ್ತಿರುವ ನೀನು ಗೆಳತಿಯರ ಜೊತೆ ಶನಿವಾರಗಳಂದು ಉಳ್ಳಾರ್ತಿ ಕಾವಲ್ ಕಡೆಯ ಸರ್ಕಾರಿ ಶಾಲೆಗೆ ಹೋಗಿ, ಆರರಿಂದ ಎಂಟನೇ ತರಗತಿಯ ಮಕ್ಕಳಿಗೆ ವಿಜ್ಞಾನದ ಪ್ರಯೋಗ ಮಾಡಿಸಬೇಕೆಂದು ಹೊರಟಿರುವುದು ತಿಳಿಯಿತು. ಇದೇ ಸೀಮೆಯ ಶಾಲೆಗಳಲ್ಲಿ ವಿಜ್ಞಾನ ಹೇಳಿ ನಿವೃತ್ತನಾದವನು ನಾನು. ನಿನಗೂ, ನಿನ್ನ ಹಾಗೆ ಹೊರಡುವ ಉಳಿದ ಹುಡುಗ ಹುಡುಗಿಯರಿಗೂ ಕೆಲವು ಮಾತು ಹೇಳಬೇಕೆನಿಸಿ ಬರೆಯುತ್ತಿದ್ದೇನೆ.

ಹೋಗುವ ಜಾಗ ಎಂಥದ್ದೆಂದು ಮೊದಲು ತಿಳಿದುಕೋ. ಮೈಸೂರು ಅರಸರ ಕಾಲದಿಂದ ಅಮೃತಮಹಲ್ ದನಗಳಿಗೆ ಬಿಟ್ಟಿದ್ದ ಹುಲ್ಲುಗಾವಲು ಅದು. 2007ರಿಂದ ಈಚೆಗೆ ಚಳ್ಳಕೆರೆ ತಾಲ್ಲೂಕಿನ ಕುದಾಪುರ, ವರವು, ಉಳ್ಳಾರ್ತಿ ಕಾವಲುಗಳಲ್ಲಿ ಸಾವಿರಾರು ಎಕರೆ ಭಾರತೀಯ ವಿಜ್ಞಾನ ಸಂಸ್ಥೆ, ಡಿಆರ್‌ಡಿಒ, ಇಸ್ರೊ, ಭಾಭಾ ಅಣು ಸಂಶೋಧನಾ ಕೇಂದ್ರಗಳ ಪಾಲಾಯಿತು. ಕುರಿ ದನ ಮೇಯಿಸುತ್ತಿದ್ದ ಊರುಗಳ ಎದುರಿಗೆ ಗೋಡೆ ಎದ್ದಿತು. ಜನ ಹೋರಾಡಿದರು, ವಿಷಯ ಹಸಿರು ನ್ಯಾಯಮಂಡಳಿಯವರೆಗೂ ಹೋಯಿತು. ನಿನ್ನ ಮುಂದೆ ಕೂರುವ ಮಗುವಿನ ತಾತ ಆ ಗೋಡೆಯಾಚೆಯ ಹುಲ್ಲನ್ನೇ ನಂಬಿ ಬದುಕಿದವನಾಗಿರಬಹುದು. ಗೋಡೆಯೊಳಗೆ ಏನು ಮಾಡುತ್ತಾರೆ ಮೇಡಂ ಎಂದು ಮಗು ಕೇಳಿದರೆ ಮಾತು ಹಾರಿಸಬೇಡ. ಗೊತ್ತಿದ್ದಷ್ಟು ಹೇಳು. ಹುಲ್ಲು ಹೋದ ಸಂಕಟವೂ ಸುಳ್ಳಲ್ಲ, ಒಳಗೆ ನಡೆಯುವ ಕೆಲಸವೂ ಸಣ್ಣದಲ್ಲ. ಎರಡನ್ನೂ ಮಗುವಿಗೆ ಹೇಳಬಹುದು.

ಅದೇ ಕಾವಲಿನಲ್ಲಿ ಇಸ್ರೊದವರು ಚಂದ್ರನ ಮೇಲಿರುವಂಥ ಕುಳಿಗಳನ್ನು ತೋಡಿಸಿದರು. ಚಂದ್ರಯಾನದ ಲ್ಯಾಂಡರಿಗೆ ಅಳವಡಿಸುವ ಕ್ಯಾಮೆರಾ, ಸಂವೇದಕಗಳನ್ನು ವಿಮಾನಕ್ಕೆ ಕಟ್ಟಿಕೊಂಡು ಈ ಕುಳಿಗಳ ಮೇಲೆ ಹಾರಿ, ನೆಲದ ತಗ್ಗು ದಿಣ್ಣೆ ಅವಕ್ಕೆ ತಿಳಿಯುತ್ತದೆಯೇ ಎಂದು ಪರೀಕ್ಷಿಸಿದರು. 2019ರ ಸೆಪ್ಟೆಂಬರ್ 7ರ ನಸುಕಿನಲ್ಲಿ ಚಂದ್ರಯಾನ-2ರ ಲ್ಯಾಂಡರ್ ವಿಕ್ರಮ್ ಇಳಿಯುವ ಕೊನೆಯ ಹಂತದಲ್ಲಿ ಕೈತಪ್ಪಿತು. ಮತ್ತೆ ಪರೀಕ್ಷೆಗಳು ನಡೆದವು. 2023ರ ಆಗಸ್ಟ್ 23ರ ಸಂಜೆ ಚಂದ್ರಯಾನ-3 ಸುಸೂತ್ರವಾಗಿ ಇಳಿಯಿತು. ನಿನ್ನ ಮೊದಲ ಪ್ರಯೋಗವನ್ನು ಇಲ್ಲಿಂದಲೇ ಎತ್ತಿಕೋ. ಅಡುಗೆ ಸೋಡಾಕ್ಕೆ ನಿಂಬೆರಸ ಹಿಂಡಿ ನೊರೆ ಉಕ್ಕಿಸುವ ಜ್ವಾಲಾಮುಖಿ ಬೇಡ. ಮಕ್ಕಳು ಚಪ್ಪಾಳೆ ಹೊಡೆಯುತ್ತಾರೆ, ಮನೆಗೆ ಹೋಗುತ್ತಾರೆ, ಅಷ್ಟೇ.

ಬಿಸಿಯೂಟದ ಅಡುಗೆಯವರಿಂದ ಒಂದು ಅಗಲದ ಬೇಸಿನ್ ಕೇಳಿ ತಗೋ. ಜರಡಿ ಹಿಡಿದ ಒಲೆಬೂದಿಯನ್ನು ನಾಲ್ಕು ಬೆರಳು ದಪ್ಪ ತುಂಬಿಸು, ಮೇಲೆ ತೆಳ್ಳಗೆ ಕೆಮ್ಮಣ್ಣು ಉದುರಿಸು. ಹುಡುಗರ ಜೇಬಿನಲ್ಲಿ ಗೋಲಿ ಇದ್ದೇ ಇರುತ್ತದೆ. ಕಾಲು ಮೀಟರ್ ಎತ್ತರದಿಂದ ಒಂದು ಗೋಲಿ ಬಿಟ್ಟರೆ ಒಂದು ಕುಳಿ, ಸುತ್ತ ಚೆಲ್ಲಿದ ಬೂದಿ. ಅದರ ಅಗಲ ಅಳೆಯಲಿ. ಆಮೇಲೆ ಕೇಳು: ಎತ್ತರ ನಾಲ್ಕು ಪಟ್ಟು ಮಾಡಿ ಒಂದು ಮೀಟರಿನಿಂದ ಬಿಟ್ಟರೆ ಕುಳಿ ಎಷ್ಟು ಅಗಲ ಆಗುತ್ತದೆ? ಗೋಲಿ ಬಿಡುವುದಕ್ಕೆ ಮುಂಚೆಯೇ ಪ್ರತಿಯೊಬ್ಬರೂ ತಮ್ಮ ಅಂದಾಜನ್ನು ನೋಟ್‌ಬುಕ್ಕಿನಲ್ಲಿ ಬರೆದಿರಬೇಕು. ಇದನ್ನು ಮಾತ್ರ ಯಾವ ಕಾರಣಕ್ಕೂ ಬಿಡಬೇಡ. ನಾಲ್ಕು ಪಟ್ಟು ಎಂದು ಬಹಳ ಜನ ಬರೆಯುತ್ತಾರೆ, ಎರಡು ಪಟ್ಟು ಎಂದು ಕೆಲವರು. ಅಳೆದು ನೋಡಿದರೆ ಒಂದೂವರೆ ಪಟ್ಟೂ ಇರುವುದಿಲ್ಲ. ಕಾರಣ ನಿನಗೆ ಗೊತ್ತು. ಎತ್ತರ ನಾಲ್ಕು ಪಟ್ಟಾದರೆ ಶಕ್ತಿಯೂ ನಾಲ್ಕು ಪಟ್ಟು. ಆದರೆ ಕುಳಿ ಅಗಲವಾದಷ್ಟೂ ಆಳವೂ ಆಗಬೇಕು, ಹೆಚ್ಚು ಬೂದಿಯನ್ನು ಹೆಚ್ಚು ಎತ್ತರಕ್ಕೆ ಎತ್ತಿ ಹೊರಗೆ ಚೆಲ್ಲಬೇಕು. ಅಗಲ ಎರಡು ಪಟ್ಟಾಗಬೇಕಾದರೆ ಸುಮಾರು ಹದಿನಾರು ಪಟ್ಟು ಶಕ್ತಿ ಬೇಕು. ಈ ವಿವರಣೆಯನ್ನು ಅವತ್ತೇ ಕೊಡಬೇಡ. ಮುಂದಿನ ಶನಿವಾರದವರೆಗೆ ಅವರ ತಲೆಯಲ್ಲಿ ಕೊರೆಯಲಿ.

ಮಕ್ಕಳು ಅಳೆಯುವಾಗ ಹತ್ತಿರ ಕುಳಿತು ನೋಡು. ಸ್ಕೇಲಿನ ತುದಿ ಸವೆದು ಸೊನ್ನೆ ಗೆರೆಯೇ ಕಾಣುವುದಿಲ್ಲ, ಆದರೂ ತುದಿಯಿಂದಲೇ ಅಳೆಯುತ್ತಾರೆ. ಒಂದರ ಗೆರೆಯಿಂದ ಅಳೆದು ಒಂದನ್ನು ಕಳೆಯುವುದನ್ನು ತೋರಿಸಿಕೊಡು. ಒಬ್ಬ ಸ್ಕೇಲನ್ನು ಬೂದಿಯೊಳಗೆ ಊರಿ ಕುಳಿಯನ್ನೇ ಕೆಡಿಸುತ್ತಾನೆ. ಬೈಯಬೇಡ, ಇನ್ನೊಂದು ಗೋಲಿ ಬಿಡಿಸು. ಒಂದೊಂದು ಎತ್ತರದಿಂದ ಮೂರು ಸಲ ಬಿಟ್ಟು ಸರಾಸರಿ ತೆಗೆಯಲಿ. ಆಗ ಒಂದು ಹುಡುಗಿ ಪಕ್ಕದ ಗುಂಪಿನ ಲೆಕ್ಕ ನೋಡಿ ತನ್ನ ಅಂಕಿಯನ್ನು ರಬ್ಬರಿನಿಂದ ಅಳಿಸುವುದು ಕಾಣುತ್ತದೆ. ಅವಳ ಕೈ ಹಿಡಿದು ನಿಲ್ಲಿಸು. ಅಳಿಸಬೇಡಮ್ಮ, ನಿನಗೆ ಬಂದದ್ದು ನಿನ್ನದು, ಯಾಕೆ ಬೇರೆ ಬಂತು ಅಂತ ನೋಡೋಣ ಅನ್ನು. ನಮ್ಮ ಶಾಲೆಗಳಲ್ಲಿ ಮಕ್ಕಳು ಉತ್ತರವನ್ನು ಹುಡುಕುವುದು ಮೇಷ್ಟ್ರ ಮುಖದಲ್ಲಿ. ನಿನ್ನ ಮುಖದಲ್ಲೂ ಹುಡುಕುತ್ತಾರೆ. ನೀನು ಉತ್ತರ ಹೇಳುವ ಅವಸರವನ್ನು ತಡೆದುಕೊಂಡರೆ, ಆ ಕಣ್ಣುಗಳು ನಿನ್ನ ಮುಖ ಬಿಟ್ಟು ಬೇಸಿನ್ನಿನ ಕಡೆ ತಿರುಗುತ್ತವೆ. ನೀನು ಅಲ್ಲಿಗೆ ಹೋಗುವುದೇ ಇದಕ್ಕಾಗಿ ಎಂದು ನಾನು ನಂಬಿದ್ದೇನೆ.

ಕೊನೆಗೆ ಕಿಟಕಿ ಮುಚ್ಚಿ ಟಾರ್ಚ್ ಹಿಡಿಸು. ನೇರ ಮೇಲಿನಿಂದ ಬೆಳಕು ಬಿದ್ದರೆ ಕುಳಿ ಕಂಡೂ ಕಾಣದಂತಿರುತ್ತದೆ. ಪಕ್ಕದಿಂದ ಓರೆಯಾಗಿ ಬಿದ್ದರೆ ನೆರಳು ಚಾಚಿ ಪ್ರತಿ ತಗ್ಗೂ ಎದ್ದು ಕಾಣುತ್ತದೆ. ನಮಗೆ ಅದು ಸಂಜೆಯಾದರೂ, ಚಂದ್ರಯಾನ-3 ಇಳಿದದ್ದು ಚಂದ್ರನ ಆ ಜಾಗದಲ್ಲಿ ಬೆಳಗಾಗುತ್ತ ಬಿಸಿಲು ಓರೆಯಾಗಿ ಬೀಳುತ್ತಿದ್ದ ಹೊತ್ತಿನಲ್ಲಿ ಎಂದು ಆಗ ಹೇಳು.

ಇಸ್ರೊದ ಮರುಬಳಕೆಯ ರಾಕೆಟ್ ವಾಹನ ಪುಷ್ಪಕ್ ಇಳಿದದ್ದೂ ಇದೇ ತಾಲ್ಲೂಕಿನ ಡಿಆರ್‌ಡಿಒ ರನ್‌ವೇ ಮೇಲೆ. 2023ರ ಏಪ್ರಿಲ್ 2ರಂದು ಚಿನೂಕ್ ಹೆಲಿಕಾಪ್ಟರಿನಿಂದ ನಾಲ್ಕೂವರೆ ಕಿಲೋಮೀಟರ್ ಎತ್ತರದಲ್ಲಿ ನೇರಕ್ಕೆ ಬಿಟ್ಟರು, ಇಳಿಯಿತು. 2024ರಲ್ಲಿ ಎರಡು ಸಲ ಬೇಕೆಂದೇ ರನ್‌ವೇಯಿಂದ ಪಕ್ಕಕ್ಕೆ ಸರಿಸಿ ಬಿಟ್ಟರು, ತಾನೇ ದಾರಿ ಸರಿಪಡಿಸಿಕೊಂಡು ಇಳಿಯಿತು. ಸರಿಯಾಗಿ ಬಂದದ್ದನ್ನು ಇನ್ನೂ ಕಷ್ಟಕ್ಕೆ ಒಡ್ಡಿ ನೋಡುವ ಈ ಬುದ್ಧಿ ಮಕ್ಕಳಿಗೆ ಬಂದರೆ ನನಗೆ ಅದಕ್ಕಿಂತ ದೊಡ್ಡ ಸಂತೋಷವಿಲ್ಲ.

ನೀರಿನ ವಿಷಯ ಎತ್ತುವಾಗ ಮಾತ್ರ ಎಚ್ಚರ. ಚಳ್ಳಕೆರೆ, ಮೊಳಕಾಲ್ಮುರು ಕಡೆಯ ಎಷ್ಟೋ ಬೋರ್‌ವೆಲ್‌ಗಳಲ್ಲಿ ಫ್ಲೋರೈಡ್ ಮಿತಿ ಮೀರಿದೆ. ಲೀಟರಿಗೆ ಒಂದೂವರೆ ಮಿಲಿಗ್ರಾಂ ದಾಟಬಾರದು. ಕೆಲವು ಮಕ್ಕಳ ಹಲ್ಲಿನ ಮೇಲೆ ಕಂದು ಗೆರೆ ಕಾಣುತ್ತದೆ. ಆ ಮಕ್ಕಳನ್ನು ಎಬ್ಬಿಸಿ ನಿಲ್ಲಿಸಿ ಉದಾಹರಣೆ ಕೊಡಬೇಡ. ಹಾಗೆ ಬಾಯಿ ಮುಚ್ಚಿಕೊಂಡ ಮಗು ಮತ್ತೆ ನಿನ್ನ ಮುಂದೆ ನಗುವುದಿಲ್ಲ. ಕಾಯಿಸಿ ಆರಿಸಿದರೆ ಫ್ಲೋರೈಡ್ ಹೋಗುತ್ತದೆಂದು ನಂಬಿದವರು ಬಹಳ. ಹೋಗುವುದಿಲ್ಲ, ನೀರು ಆವಿಯಾದಷ್ಟೂ ಅದು ಗಟ್ಟಿಯಾಗುತ್ತದೆ. ತಟ್ಟೆಯಲ್ಲಿ ಉಪ್ಪುನೀರು ಕಾಯಿಸಿ ತೋರಿಸಿದರೆ ಮಕ್ಕಳಿಗೆ ತಾನಾಗಿ ಹೊಳೆಯುತ್ತದೆ. ಈ ಒಂದು ಮಾತು ಮನೆಗೆ ಮುಟ್ಟಿದರೂ ಸಾಕು.

ಮ್ಯಾಸನಾಯಕರ ಹಟ್ಟಿಯ ಎಷ್ಟೋ ಮಕ್ಕಳಿಗೆ ಮನೆಯ ಮಾತು ತೆಲುಗು, ತಾಂಡಾದ ಮಕ್ಕಳದು ಲಂಬಾಣಿ. ಕಂಡದ್ದನ್ನು ಮೊದಲು ತಮ್ಮ ಮಾತಿನಲ್ಲೇ ಹೇಳಲಿ, ಪುಸ್ತಕದ ಪದ ಆಮೇಲೆ ಬರೆಸು. ಶಾಲೆಯ ಮೇಷ್ಟ್ರನ್ನು ಬದಿಗಿಟ್ಟು ಯಾವುದನ್ನೂ ಮಾಡಬೇಡ. ಕುದಾಪುರದ ವಿಜ್ಞಾನ ಸಂಸ್ಥೆಯ ಕ್ಯಾಂಪಸ್ಸಿನಲ್ಲಿ ತರಬೇತಿ ಪಡೆದ ಶಿಕ್ಷಕರು ನಮ್ಮ ಸೀಮೆಯಲ್ಲಿ ಬೇಕಾದಷ್ಟಿದ್ದಾರೆ. ಬೀರುವಿನಲ್ಲಿ ಬೀಗ ಹಾಕಿಟ್ಟ ವಿಜ್ಞಾನ ಕಿಟ್ ಹೊರಗೆ ಬರಬೇಕಾದರೂ ಅವರೇ ಬೇಕು. ನೀನು ಹೋದ ಮೇಲೆ ಮಕ್ಕಳ ಜೊತೆ ಉಳಿಯುವವರೂ ಅವರೇ.

ನಡುವೆ ಬಿಟ್ಟು ಹೋಗುವುದಾದರೆ ಈಗಲೇ ಬೇಡ ಅನ್ನು. ನಿಮ್ಮ ಸೆಮಿಸ್ಟರ್ ಪರೀಕ್ಷೆ ಬರುತ್ತದೆ, ಬಸ್ ತಪ್ಪುತ್ತದೆ, ಗೊತ್ತು. ಯಾವ ಶನಿವಾರ ಬರುವುದಿಲ್ಲವೋ ಅದನ್ನು ಹಿಂದಿನ ಶನಿವಾರವೇ ಮಕ್ಕಳಿಗೆ ಹೇಳಿ ಬಾ. ಆಗಸ್ಟ್ ಎರಡನೇ ವಾರದ ಕೊನೆಯ ದಿನಗಳನ್ನಂತೂ ತಪ್ಪಿಸಬೇಡ. ಆಗ ನಮ್ಮಲ್ಲಿ ನಡುಹಗಲಿಗೆ ಸೂರ್ಯ ನೆತ್ತಿಯ ಮೇಲೆ ನೇರ ಬಂದು, ನೆಟ್ಟ ಕೋಲಿನ ನೆರಳು ಮಾಯವಾಗುತ್ತದೆ. ಅದೂ ಸರಿಯಾಗಿ ಹನ್ನೆರಡಕ್ಕಲ್ಲ, ಹನ್ನೆರಡೂವರೆಯ ಸುಮಾರಿಗೆ. ಹನ್ನೆರಡಕ್ಕೇ ಯಾಕಲ್ಲ ಎಂದು ಮಕ್ಕಳು ಕೇಳುತ್ತಾರೆ. ಉತ್ತರ ರೇಖಾಂಶದಲ್ಲಿದೆ, ಭೂಪಟ ತಗೊಂಡು ಹೋಗಿರು. ಮೋಡ ಕವಿಯುವ ತಿಂಗಳದು, ಆದ್ದರಿಂದ ಎರಡು ಮೂರು ದಿನ ಮುಂಚಿನಿಂದಲೇ ಕೋಲು ನೆಟ್ಟು ಗುರುತು ಹಾಕಿಸಲು ಮುಖ್ಯ ಶಿಕ್ಷಕರಿಗೆ ಫೋನ್ ಮಾಡಿ ಹೇಳಿಬಿಡು.

ಇಂತಿ ನಿನ್ನ ಹಿತೈಷಿ,
ಹಳೆಯ ಮೇಷ್ಟ್ರು