ವೃದ್ಧಾಶ್ರಮದ ಕೆಲಸ ಮತ್ತು ಸೊಂಟದ ಪೆಟ್ಟು

ಮಳೆ ಕೈಕೊಟ್ಟ ವರ್ಷ ಕೊಡಿಕೊಂಡ, ಹಿಂದೂಪುರದ ಕಡೆಯ ನಮ್ಮ ಹೆಣ್ಣುಮಕ್ಕಳು ಬೆಂಗಳೂರಿನ ವೃದ್ಧಾಶ್ರಮಗಳಿಗೆ ಆಯಾ ಕೆಲಸಕ್ಕೆ ಹೋಗುವುದುಂಟು. ಕಡಲೆಕಾಯಿ ಮೂಟೆ ಎತ್ತಿದ ಕೈಗೆ ಮುದುಕರನ್ನು ಎತ್ತುವುದೇನು ಮಹಾ ಎಂದು ಭಾವಿಸುತ್ತಾರೆ. ಆದರೆ ಮೂಟೆಯನ್ನು ಎದೆಗೆ ಅವುಚಿ ಹಿಡಿಯಬಹುದು. ಅದು ಹೆದರಿ ಕುತ್ತಿಗೆಗೆ ಜೋತುಬೀಳುವುದಿಲ್ಲ. ಮಂಚದ ಮೇಲೆ ಬಗ್ಗಿ, ಸೊಂಟ ತಿರುಗಿಸಿ ದಿನಕ್ಕೆ ಹತ್ತಾರು ಸಲ ಎತ್ತಿದರೆ ಬೆನ್ನುಮೂಳೆಗಳ ನಡುವಣ ಮೆತ್ತೆ ಸವೆದು, ಹೊರಚಾಚಿ ನರವನ್ನು ಒತ್ತಬಹುದು. ಅಮೆರಿಕದಲ್ಲಿ 2007ರಲ್ಲಿ ಪ್ರಕಟವಾದ ಲೆಕ್ಕದಂತೆ, ರೋಗಿಯನ್ನು ಎತ್ತುವಾಗ ಒಬ್ಬರ ಮೇಲೆ ಬೀಳಬಹುದಾದ ಭಾರ ಹೆಚ್ಚೆಂದರೆ ಸುಮಾರು 16 ಕಿಲೋ. ಎಷ್ಟೇ ಸೊರಗಿದ ಅಜ್ಜಿಯೂ ಅದಕ್ಕಿಂತ ಭಾರ.

ಆದುದರಿಂದ ಎತ್ತುವುದಕ್ಕಿಂತ ಸರಿಸುವುದು ಮೇಲು. ಮಡಿಸಿದ ದುಪ್ಪಟಿಯನ್ನು ಅವರ ಅಡಿಯಲ್ಲಿ ಹಾಸಿ, ಇಬ್ಬರು ಎರಡು ಕಡೆ ಹಿಡಿದು ಒಟ್ಟಿಗೆ ಎಳೆಯಬೇಕು. ಗಾಲಿಕುರ್ಚಿಯನ್ನು ಮಂಚಕ್ಕೆ ತಾಗಿಸಿ, ಗಾಲಿಗೆ ತಡೆ ಹಾಕಿ, ಅವರ ಪಾದ ನೆಲಕ್ಕೆ ಊರಿದ ಮೇಲೆಯೇ ಏಳಿಸಿರಿ. ಬೀಳುತ್ತಿರುವವರನ್ನು ಎತ್ತಿ ಹಿಡಿಯಲು ಹೋಗದೆ, ಮೈಗೆ ಆನಿಸಿಕೊಂಡು ನೆಲಕ್ಕೆ ಇಳಿಸಿರಿ. ರಾತ್ರಿ ಪಾಳಿಗೆ ಒಬ್ಬಳನ್ನೇ ಬಿಟ್ಟು, ಅದನ್ನು ಸೇವೆಯೆಂದು ಹೊಗಳುವ ಆಡಳಿತದವರ ಮಾತನ್ನು ನಾವು ಒಪ್ಪಲಾರೆವು.

ಪೆಟ್ಟಾದ ದಿನವೇ ಮೇಲ್ವಿಚಾರಕರಿಗೆ ತಿಳಿಸಿ ಬರಹದಲ್ಲಿ ದಾಖಲಿಸಬೇಕು. ಇ.ಎಸ್.ಐ. ವಿಮೆಯುಳ್ಳವರಿಗೆ ಕೆಲಸದಲ್ಲಿ ಪೆಟ್ಟಾಗಿ ವೈದ್ಯರು ಮೂರು ದಿನಕ್ಕೆ ಮೇಲ್ಪಟ್ಟು ರಜೆ ಬರೆದರೆ ಸಂಬಳದ ಶೇಕಡಾ 90 ಭಾಗ ಸಿಗುತ್ತದೆ, ಸೇರಿದ ಮೊದಲ ದಿನವೇ ಪೆಟ್ಟಾಗಿದ್ದರೂ ಸರಿ. ಇದನ್ನು ಕೇಳದೆ ಊರಿಗೆ ಬಂದು ಎಣ್ಣೆ ತಿಕ್ಕಿಸಿಕೊಂಡು ಸುಮ್ಮನಿರುವವರೇ ಹೆಚ್ಚು. ಮಗಳಿಗೆ ಕಾಲು ಜೋಮು ಹಿಡಿದಿದ್ದರೆ, ಮೂತ್ರದ ಹಿಡಿತ ತಪ್ಪಿದ್ದರೆ, ಎಣ್ಣೆ ಬಿಟ್ಟು ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಿರಿ.